ಕಾಲುವೆ ಡ್ರಾಪಿನ ಹಳೆಯ ವಿದ್ಯುತ್ ಘಟಕವನ್ನು ಮತ್ತೆ ನಡೆಸುವ ಬಗೆ

ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯೂ ಅದರ ಶಾಖೆಗಳೂ ಹಾದುಹೋಗುವ ದಾರಿಯಲ್ಲಿ, ಕಾಲುವೆಗೆ ಬೇಕಾದ ಇಳಿಜಾರಿಗಿಂತ ನೆಲದ ಇಳಿಜಾರು ಹೆಚ್ಚಾಗಿರುವ ಜಾಗಗಳಿವೆ. ಅಂಥಲ್ಲಿ ನೀರು ರಭಸಕ್ಕೆ ತಳ ಕೊರೆಯದಂತೆ ಕಲ್ಲು ಇಲ್ಲವೆ ಕಾಂಕ್ರೀಟಿನ ಗೋಡೆ ಕಟ್ಟಿ, ನೀರನ್ನು ಒಂದೇ ಕಡೆ ಕೆಲವು ಮೀಟರು ಕೆಳಗೆ ಬೀಳಿಸುತ್ತಾರೆ. ಎಂಜಿನಿಯರುಗಳೂ ಗುತ್ತಿಗೆದಾರರೂ ಅದನ್ನು ಡ್ರಾಪ್ ಎಂದೇ ಕರೆಯುತ್ತಾರೆ. ಹಾಗೆ ಬೀಳುವ ನೀರು ಸುಮ್ಮನೆ ನೊರೆಯಾಗಿ ಹೋಗುವ ಬದಲು ಟರ್ಬೈನಿನ ಮೂಲಕ ಇಳಿಯಲಿ ಎಂದು ಕಟ್ಟಿದ ಕಿರು ಜಲವಿದ್ಯುತ್ ಘಟಕಗಳನ್ನು ಶಹಾಪುರ ಶಾಖಾ ಕಾಲುವೆಯ ಮೇಲೆ ನೋಡಬಹುದು. ಈ ಬಗೆಯ ಘಟಕವೊಂದು ಹತ್ತಾರು ವರ್ಷ ನಡೆದು ನಿಂತುಹೋಗಿದ್ದರೆ ಅದನ್ನು ಮತ್ತೆ ನಡೆಸುವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಮ್ಮ ದೇಶದಲ್ಲಿ 100 ಕಿಲೋವಾಟಿನವರೆಗಿನ ಘಟಕವನ್ನು ಮೈಕ್ರೋ, ಅಲ್ಲಿಂದ 2 ಮೆಗಾವಾಟಿನವರೆಗಿನದನ್ನು ಮಿನಿ, 25 ಮೆಗಾವಾಟಿನವರೆಗಿನದನ್ನು ಸಣ್ಣ ಜಲವಿದ್ಯುತ್ ಎಂದು ವಿಂಗಡಿಸಲಾಗಿದೆ. ಇಲ್ಲಿನ ಮಾತೆಲ್ಲ ಮಿನಿ ವರ್ಗಕ್ಕೆ ಸೇರಿದ್ದು.

ಬೀದರ ಮತ್ತು ಕಲಬುರಗಿಯ ಓದುಗರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಂಜಾ, ಬೆಣ್ಣೆತೊರಾದಂಥ ಜಲಾಶಯಗಳ ತೂಬಿನ ಬಳಿ ಘಟಕ ನಡೆಸಬೇಕೆಂದರೆ ಜಲಾಶಯದ ಮಟ್ಟ ಇಳಿದಂತೆಲ್ಲ ನೀರಿನ ಒತ್ತಡವೂ ಇಳಿಯುತ್ತ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ನೀರೇ ಬಿಡುವುದಿಲ್ಲ. ಕಾಲುವೆಯ ಡ್ರಾಪಿನಲ್ಲಿ ಹರಿವು ಹೆಚ್ಚುಕಡಿಮೆಯಾದರೂ ಬೀಳುವ ಎತ್ತರ ಅಷ್ಟಾಗಿ ಬದಲಾಗುವುದಿಲ್ಲ. ಈ ಕಾರಣಕ್ಕೆ ಯಾದಗಿರಿಯ ಕಾಲುವೆ ಘಟಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಬೀಗ ತೆಗೆಸುವ ಮೊದಲು

ನಿಂತ ಘಟಕವನ್ನು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಯಂತ್ರಮನೆಯ ಬೀಗ ತೆಗೆಸಿ, ಜನರೇಟರಿನ ಮೇಲಿನ ಧೂಳು ಒರೆಸಿ, ಹಿತ್ತಾಳೆ ಫಲಕದ ಮೇಲೆ ಎಷ್ಟು ಕಿಲೋವಾಟ್ ಎಂದು ಬರೆದಿದೆಯೋ ಅದನ್ನು ಓದಿ ಖುಷಿಪಡುತ್ತಾರೆ. ನಾನೂ ಹೀಗೆಯೇ ಮಾಡಿದವನು. ನಾನು ಕೈಹಾಕಿದ ಮೊದಲ ಘಟಕದಲ್ಲಿ ಎರಡು ತಿಂಗಳು ಜನರೇಟರಿನ ಹಿಂದೆಯೇ ಬಿದ್ದು, ಅದರ ತಂತಿಸುರುಳಿಯನ್ನು, ಅಂದರೆ ವೈಂಡಿಂಗನ್ನು ಹೊಸದಾಗಿ ಸುತ್ತಿಸಿ, ಗೇರುಪೆಟ್ಟಿಗೆ ಬಿಚ್ಚಿ ಜೋಡಿಸಿ, ಕಾಲುವೆಗೆ ನೀರು ಬಂದ ದಿನ ಯಂತ್ರ ತಿರುಗಿಸಿದರೆ ಅದು ಫಲಕದಲ್ಲಿದ್ದುದರ ಮುಕ್ಕಾಲು ಪಾಲಿಗಿಂತ ಮೇಲೆ ಏರಲೇ ಇಲ್ಲ. ಯಂತ್ರದಲ್ಲಿ ತಪ್ಪು ಹುಡುಕುತ್ತ ಒಂದು ವಾರ ಕಳೆಯಿತು. ಕೊನೆಗೆ ಕಾಲುವೆ ಕಾಯುವ ಗ್ಯಾಂಗ್‌ಮನ್ ಒಬ್ಬರು, ‘ಸಾಹೇಬ್ರ, ಕೆಳಗ ಹೂಳ ತುಂಬಿ ನೀರು ಎದ್ದು ನಿಂತೈತಿ, ನೋಡೀರೇನು?’ ಎಂದರು. ಘಟಕದ ಕೆಳಗಿನ ಕಾಲುವೆಯಲ್ಲಿ ಹೂಳೂ ಆಪು ಹುಲ್ಲೂ ತುಂಬಿ ಕೆಳಗಿನ ನೀರಿನ ಮಟ್ಟ 80 ಸೆಂಟಿಮೀಟರ್ ಮೇಲೇರಿತ್ತು. 4.5 ಮೀಟರ್ ಇರಬೇಕಾದ ಬೀಳು, ಅಂದರೆ ನೀರು ಬೀಳುವ ಎತ್ತರ, 3.7 ಮೀಟರಿಗೆ ಇಳಿದಿತ್ತು. ಬೀಳು ಕಡಿಮೆಯಾದರೆ ಟರ್ಬೈನಿಗೆ ನೀರು ಬಿಡುವ ಅದೇ ಬಾಗಿಲಿನಿಂದ ಹರಿಯುವ ನೀರೂ ಕಡಿಮೆಯಾಗುತ್ತದೆ. ಎರಡೂ ಸೇರಿ ಶಕ್ತಿಯ ಕಾಲು ಪಾಲು ಹೋಗಿತ್ತು.

ಆದ್ದರಿಂದ ಮೊದಲ ಭೇಟಿಗೆ ಬೀಗದ ಕೈ ಬೇಡ. ಲೆವೆಲಿಂಗ್ ಉಪಕರಣ, ಅಳತೆ ಟೇಪು, ಗಡಿಯಾರ, ಅರ್ಧ ನೀರು ತುಂಬಿ ಮುಚ್ಚಳ ಬಿಗಿದ ನಾಲ್ಕೈದು ಪ್ಲಾಸ್ಟಿಕ್ ಬಾಟಲಿಗಳಿದ್ದರೆ ಸಾಕು. ಕಾಲುವೆಯಲ್ಲಿ ನೀರಿರುವಾಗ ಹೋಗಬೇಕು. ಡ್ರಾಪಿನ ಮೇಲಿನ ನೀರಿನ ಮಟ್ಟವನ್ನೂ ಕೆಳಗಿನ ನೀರಿನ ಮಟ್ಟವನ್ನೂ ಒಂದೇ ಹೊತ್ತಿನಲ್ಲಿ ಅಳೆದು ಅವುಗಳ ಅಂತರ ಬರೆದುಕೊಳ್ಳಬೇಕು. ಎಂಜಿನಿಯರುಗಳು ಹೆಡ್ ಎನ್ನುವುದು ಇದನ್ನೇ. ಆಮೇಲೆ ಕಾಲುವೆ ನೇರವಾಗಿ, ಒಂದೇ ಅಗಲದಲ್ಲಿ ಹರಿಯುವ 30 ಮೀಟರ್ ಉದ್ದದ ತುಂಡನ್ನು ಆರಿಸಿ, ಎರಡೂ ತುದಿಗೆ ಹಗ್ಗ ಕಟ್ಟಿ, ಬಾಟಲಿಯನ್ನು ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮುಂಚೆಯೇ ನಡುನೀರಿಗೆ ಬಿಟ್ಟು, ಅದು ಎರಡು ಹಗ್ಗಗಳ ನಡುವಿನ ದೂರವನ್ನು ದಾಟಲು ತೆಗೆದುಕೊಳ್ಳುವ ಹೊತ್ತನ್ನು ಎಣಿಸಬೇಕು. ನೀರು ಮೇಲ್ಮೈಯಲ್ಲಿ ಓಡುವಷ್ಟು ಜೋರಾಗಿ ತಳದಲ್ಲಿಯೂ ಪಕ್ಕದಲ್ಲಿಯೂ ಓಡುವುದಿಲ್ಲವಾದ್ದರಿಂದ, ತಳಕ್ಕೂ ಬದಿಗೂ ಗಟ್ಟಿ ಹೊದಿಕೆ, ಅಂದರೆ ಲೈನಿಂಗ್ ಇರುವ ಕಾಲುವೆಯಲ್ಲಿ ಸಿಕ್ಕ ವೇಗವನ್ನು 0.85ರಿಂದ ಗುಣಿಸಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಬಾಟಲಿ 30 ಮೀಟರನ್ನು ಸುಮಾರು 33 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.9 ಮೀಟರ್, ಸರಾಸರಿ ವೇಗ 0.765 ಮೀಟರ್. ನೀರಿನ ಅಡ್ಡಕೊಯ್ತ 12 ಚದರ ಮೀಟರ್ ಇದ್ದರೆ ಹರಿವು ಸೆಕೆಂಡಿಗೆ 9.18 ಘನ ಮೀಟರ್, ಅಂದರೆ ಕಾಲುವೆಯವರ ಲೆಕ್ಕದಲ್ಲಿ ಸುಮಾರು 324 ಕ್ಯೂಸೆಕ್. ಈ ಹರಿವನ್ನು 9.81ರಿಂದ, ಆಮೇಲೆ ಹೆಡ್‌ನಿಂದ, ಆಮೇಲೆ ಇಡೀ ಘಟಕದ ದಕ್ಷತೆಯಿಂದ ಗುಣಿಸಿದರೆ ಕಿಲೋವಾಟ್ ಸಿಗುತ್ತದೆ. ಹೆಡ್ 4.2 ಮೀಟರ್, ದಕ್ಷತೆ 0.75 ಎಂದಿಟ್ಟುಕೊಂಡರೆ ಉತ್ತರ ಸುಮಾರು 284 ಕಿಲೋವಾಟ್. ಟರ್ಬೈನಿಗೆ 0.85, ಗೇರುಪೆಟ್ಟಿಗೆಗೆ 0.97, ಜನರೇಟರಿಗೆ 0.94, ಟ್ರಾನ್ಸ್‌ಫಾರ್ಮರಿಗೆ 0.98 ಎಂದು ಹಿಡಿದು ಗುಣಿಸಿದರೆ 0.76 ಬರುವುದರಿಂದ 0.75 ಅತಿಯಾಸೆಯ ಅಂಕಿಯೇನಲ್ಲ. ಹೊಸ ಯಂತ್ರ ಮಾರಲು ಬಂದವರು 0.85 ಎಂದು ಹೇಳಿದರೆ, ಅದು ಟರ್ಬೈನಿನದೋ ಇಡೀ ಘಟಕದ್ದೋ ಎಂದು ಕೇಳಿ ತಿಳಿದುಕೊಳ್ಳಿ. ಬಾಟಲಿಯ ಲೆಕ್ಕ ಮೊದಲ ಅಂದಾಜಿಗೆ ಮಾತ್ರ. ಹಣ ಹೂಡುವ ತೀರ್ಮಾನಕ್ಕೆ ಮುಂಚೆ ಕಾಲುವೆಯ ಅಗಲವನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಆಳದ 0.2 ಮತ್ತು 0.8 ಭಾಗದಲ್ಲಿ ನೀರಿನ ಓಟ ಅಳೆಯುವ ಕರೆಂಟ್ ಮೀಟರ್ ಇಳಿಸಿ ವೇಗ ಅಳೆಸಬೇಕು.

ಇದಾದ ಮೇಲೆ ಉಳಿಯುವುದು ವರ್ಷದಲ್ಲಿ ಎಷ್ಟು ದಿನ ನೀರು ಎಂಬ ಪ್ರಶ್ನೆ. ಈ ಕಾಲುವೆಗೆ ನೀರು ಬಿಡುವ ದಿನಗಳನ್ನು ನೀರಾವರಿ ಸಲಹಾ ಸಮಿತಿ ಜಲಾಶಯದ ಸಂಗ್ರಹ ನೋಡಿ ತೀರ್ಮಾನಿಸುತ್ತದೆ. ಹಿಂಗಾರಿಗೆ ನೀರು ಸಾಲದ ವರ್ಷ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ವಾರಾಬಂದಿ ಬರುತ್ತದೆ. ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಯಿಂದ ನಿಮ್ಮ ಡ್ರಾಪಿಗೆ ಹತ್ತಿರದ, ಹರಿವು ಅಳೆಯುವ ಗೇಜಿನ ಹತ್ತು ವರ್ಷದ ದಿನವಹಿ ಲೆಕ್ಕವನ್ನು ಕೇಳಿ ಪಡೆದು, ಹರಿವನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಎಷ್ಟು ದಿನ ಪೂರ್ತಿ, ಎಷ್ಟು ದಿನ ಅರ್ಧ ಎಂದು ಪಟ್ಟಿ ಮಾಡಬೇಕು. ಮೇಲಿನ ಉದಾಹರಣೆಯ ಘಟಕದಲ್ಲಿ 100 ದಿನ ಪೂರ್ತಿ ನೀರು, ಇನ್ನು 100 ದಿನ ಅರ್ಧ ನೀರು ಸಿಕ್ಕರೆ ವರ್ಷಕ್ಕೆ ಸುಮಾರು 10 ಲಕ್ಷ ಯೂನಿಟ್ ಆಗುತ್ತದೆ. ಅದೇ ಘಟಕದ ಫಲಕದ ಮೇಲೆ 350 ಕಿಲೋವಾಟ್ ಎಂದಿದ್ದು, ಅದನ್ನು ವರ್ಷದ 8760 ಗಂಟೆಯಿಂದ ಗುಣಿಸಿದವರಿಗೆ 30 ಲಕ್ಷ ಯೂನಿಟ್ ಕಾಣಿಸುತ್ತದೆ. ಸಾಲ ಮಾಡಿದವರು ಮುಳುಗುವುದು ಈ ಎರಡು ಅಂಕಿಗಳ ನಡುವಿನ ನೀರಿನಲ್ಲಿ.

ಕಾಗದಪತ್ರ

ವಿದ್ಯುತ್ ಕಾಯ್ದೆ 2003ರ ಪ್ರಕಾರ ವಿದ್ಯುತ್ ಉತ್ಪಾದನೆಗೆ ಪರವಾನಗಿ ಬೇಕಿಲ್ಲ. ಆದರೆ ಬೇರೆಯವರಿಗೆ ತಂತಿ ಎಳೆದು ಹಂಚುವುದಕ್ಕೆ ಬೇಕು. ಇದನ್ನು ತಿಳಿಯದೆ, ಊರಿನ ಬೀದಿದೀಪಕ್ಕೆ ನಾವೇ ನೇರವಾಗಿ ಕರೆಂಟು ಕೊಟ್ಟುಬಿಡೋಣ ಎಂದು ಹೊರಡುವ ಉತ್ಸಾಹಿಗಳಿದ್ದಾರೆ. ನೀರು ಬಳಸಲು ಕಾಲುವೆಯ ಒಡೆತನವಿರುವ ನಿಗಮದ ಒಪ್ಪಿಗೆ, ಯೋಜನೆಗೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತದ ಹಂಚಿಕೆ, ವಿದ್ಯುತ್ ಜಾಲಕ್ಕೆ ಸೇರಲು ಈ ಭಾಗಕ್ಕೆ ವಿದ್ಯುತ್ ಹಂಚುವ ಜೆಸ್ಕಾಂನ ಅನುಮತಿ, ಮಾರಾಟದ ಒಪ್ಪಂದಕ್ಕೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಸಮ್ಮತಿ, ಚಾಲನೆಗೆ ಮುಂಚೆ ವಿದ್ಯುತ್ ಪರಿವೀಕ್ಷಣಾಲಯದ ಸುರಕ್ಷತಾ ಮಂಜೂರಾತಿ, ಇವಿಷ್ಟೂ ಬೇಕು. ಹಳೆಯ ಘಟಕಕ್ಕೆ ಹಿಂದೆ ಇದ್ದ ಹಂಚಿಕೆ ಮತ್ತು ಒಪ್ಪಂದಗಳ ಅವಧಿ ಮುಗಿದಿದೆಯೇ, ಅವು ಯಾರ ಹೆಸರಿನಲ್ಲಿವೆ ಎಂಬುದನ್ನು ಯಂತ್ರಕ್ಕೆ ಒಂದು ರೂಪಾಯಿ ಹಾಕುವ ಮೊದಲು ಬಗೆಹರಿಸಿಕೊಳ್ಳಬೇಕು.

ರೈತರ ಸಹಕಾರ ಸಂಘವೋ ಹತ್ತಿ ಜಿನ್ನಿಂಗ್ ಗಿರಣಿಗಳ ಗುಂಪೋ ತಮ್ಮ ಬಳಕೆಗೆಂದೇ ಘಟಕ ನಡೆಸುವುದಾದರೆ ಸ್ವಂತ ಬಳಕೆಯ ಘಟಕ ಎನ್ನಿಸಿಕೊಳ್ಳುವ ದಾರಿಯೊಂದಿದೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರ ಕೈಯಲ್ಲಿ ಕನಿಷ್ಠ ಶೇ 26ರಷ್ಟು ಒಡೆತನವಿರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51ರಷ್ಟನ್ನು ಅವರೇ ಬಳಸಬೇಕು. ಸಹಕಾರ ಸಂಘಕ್ಕೆ ಈ ಷರತ್ತನ್ನು ಸದಸ್ಯರೆಲ್ಲ ಒಟ್ಟಾಗಿ ಪೂರೈಸಿದರೂ ಸಾಕು.

ಜೋಡಣೆಯ ಜಾಗದ ಬಗ್ಗೆ ಮಾತ್ರ ಹಟ ಹಿಡಿಯಲೇಬೇಕು. ಹತ್ತಿರದಲ್ಲಿ 11 ಕೆವಿ ತಂತಿ ಹಾದುಹೋಗಿದೆ ಎಂದು ಅದಕ್ಕೇ ಸೇರಿಸಿಬಿಟ್ಟರೆ, ಅದು ಪಂಪ್‌ಸೆಟ್ಟುಗಳ ಫೀಡರ್ ಆಗಿದ್ದಲ್ಲಿ ದಿನಕ್ಕೆ ಏಳು ಗಂಟೆಯಷ್ಟೇ ಮೂರು ಫೇಸ್ ಇರುತ್ತದೆ. ಫೀಡರ್ ಸತ್ತರೆ ನಿಮ್ಮ ಯಂತ್ರವೂ ನಿಲ್ಲಲೇಬೇಕು. ತಂತಿಯ ಮೇಲೆ ಲೈನ್‌ಮನ್ ಇರಬಹುದಾದ್ದರಿಂದ ಅದನ್ನು ಒಂಟಿಯಾಗಿ ನಡೆಸುವ ಮಾತೇ ಇಲ್ಲ. ಕಾಲುವೆಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಹರಿಯುತ್ತಿದ್ದರೂ ಏಳು ಗಂಟೆಯ ದುಡಿಮೆ. ಆದ್ದರಿಂದ ಉಪಕೇಂದ್ರದಲ್ಲಿ ಫೀಡರುಗಳೆಲ್ಲ ಹೊರಡುವ ಲೋಹದ ಪಟ್ಟಿಯಾದ ಬಸ್‌ಬಾರಿಗೇ ನೇರವಾಗಿ ಪ್ರತ್ಯೇಕ ತಂತಿ ಎಳೆಯುವ ಖರ್ಚನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಅದು ದುಬಾರಿಯಾದರೆ ಊರಿನ ಮನೆಗಳಿಗೆ ದಿನವಿಡೀ ಕರೆಂಟು ಕೊಡುವ ನಿರಂತರ ಜ್ಯೋತಿ ಫೀಡರ್ ಎರಡನೆಯ ಆಯ್ಕೆ.

ಕಟ್ಟಡ, ಜಾಲರಿ, ಬೈಪಾಸ್

ದುರಸ್ತಿಗೆ ಕಾಲುವೆ ಒಣಗಿರುವ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯೇ ಗತಿ. ಆ ತಿಂಗಳುಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕಬ್ಬಿಣದ ಕೆಲಸ ಬೆಳಗಿನ ಹತ್ತು ಗಂಟೆಯೊಳಗೆ ಮತ್ತು ಸಂಜೆಯ ಮೇಲೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಕೆಲಸಗಾರರೂ ಉಳಿಯುತ್ತಾರೆ, ಅಳತೆಯೂ ಕೆಡುವುದಿಲ್ಲ.

ಎರಿ ಭೂಮಿಯ ಗುಣ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಈ ಉಬ್ಬುವಿಕೆಯೇ ಕಾಲುವೆಯ ಲೈನಿಂಗನ್ನು ಎತ್ತಿ ಒಡೆಯುತ್ತದೆ, ಒಳಹರಿವಿನ ಪಕ್ಕದ ಗೋಡೆಗಳನ್ನು ಒಳಕ್ಕೆ ತಳ್ಳುತ್ತದೆ. ಗೋಡೆ ಹತ್ತು ಮಿಲಿಮೀಟರ್ ವಾಲಿದರೂ ಗೇಟು ತಾನು ಏರಿಳಿಯುವ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರುಕಿಗೆ ಸಿಮೆಂಟು ಮೆತ್ತಿದರೆ ಒಂದು ಮಳೆಗಾಲ ಬಾಳೀತು. ಸರಿಯಾದ ಕೆಲಸವೆಂದರೆ ಗೋಡೆಯ ಹಿಂದಿನ ಎರಿ ಮಣ್ಣನ್ನು ಅಗೆದು ತೆಗೆದು, ಉಬ್ಬದ ಗರಸು ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿ ತುಂಬಿ, ಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನು ಬಿಡಿಸುವುದು. ಯಂತ್ರಮನೆಯ ಶಹಾಬಾದಿ ಪರಸಿ ನೆಲ ಒಂದು ಕಡೆ ಎದ್ದಿದ್ದರೆ ಅದನ್ನು ಬರೀ ನೆಲದ ದೋಷವೆಂದು ಬಿಡಬೇಡಿ. ಅಡಿಪಾಯವೂ ಅಲುಗಿದೆಯೇ ಎಂದು ಜನರೇಟರಿನ ತಳಪಾಯದ ನಾಲ್ಕು ಮೂಲೆಗೆ ಲೆವೆಲ್ ಹಿಡಿದು ನೋಡಿ.

ಒಳಹರಿವಿನ ಬಾಯಿಗೆ ಕಸ ತಡೆಯುವ ಸರಳುಗಳ ಜಾಲರಿ ಇರುತ್ತದೆ. ನಮ್ಮ ಕಾಲುವೆಗಳಲ್ಲಿ ಬರುವ ಕಸವೇ ಬೇರೆ: ಭತ್ತದ ಹುಲ್ಲು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿಯ ಮುಳ್ಳು, ರಸಗೊಬ್ಬರದ ಚೀಲ, ಒಮ್ಮೊಮ್ಮೆ ಸತ್ತ ಕುರಿ. ಚೀಲ ಒಂದು ಸರಳಿಗೆ ಸುತ್ತಿಕೊಂಡರೆ ಅದರ ಮೇಲೆ ಹುಲ್ಲು ಹೆಣೆದುಕೊಂಡು ಒಂದು ರಾತ್ರಿಯಲ್ಲಿ ಚಾಪೆಯಾಗುತ್ತದೆ. ಜಾಲರಿಯ ಮುಂದೆ ಒಂದು, ಹಿಂದೆ ಒಂದು ಅಳತೆಪಟ್ಟಿಯನ್ನು ಬಿಳಿ ಬಣ್ಣದಲ್ಲಿ ಬರೆಸಿ, ಎರಡರ ನಡುವಿನ ವ್ಯತ್ಯಾಸವನ್ನು ಪಾಳಿಗೆ ಮೂರು ಸಲ ಬರೆದುಕೊಳ್ಳುವ ಪದ್ಧತಿ ಇಟ್ಟುಕೊಳ್ಳಿ. ಜಾಲರಿ ಸ್ವಚ್ಛವಿದ್ದಾಗ ಈ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಅದು 30 ಸೆಂಟಿಮೀಟರ್ ಆಯಿತೆಂದರೆ 4.5 ಮೀಟರ್ ಹೆಡ್ ಇರುವ ಘಟಕದಲ್ಲಿ ಸುಮಾರು ಶೇ 10ರಷ್ಟು ಶಕ್ತಿ ಜಾಲರಿಯಲ್ಲೇ ಉಳಿಯಿತು. ಯಂತ್ರದ ದಕ್ಷತೆಯನ್ನು ಶೇ 2ರಷ್ಟು ಹೆಚ್ಚಿಸಲು ಲಕ್ಷಗಟ್ಟಲೆ ಖರ್ಚು ಮಾಡುವವರು ಕುಂಟೆಯಂಥ ಒಂದು ಉದ್ದ ಹಿಡಿಯ ಬಾಚಣಿಗೆಗೂ ಅದನ್ನು ಎಳೆಯುವ ಒಬ್ಬ ಆಳಿಗೂ ಜಿಪುಣತನ ಮಾಡುವುದನ್ನು ನಾನು ಕಂಡಿದ್ದೇನೆ. ಜಾಲರಿಯ ಮೇಲೆ ನಿಂತು ಎಳೆಯುವ ಕಟ್ಟೆಗೆ ಕಟಾಂಜನ ಇರಲೇಬೇಕು. ರಾತ್ರಿಪಾಳಿಯವರಿಗೆ ಸೊಂಟದ ಬೆಲ್ಟು, ಹಗ್ಗ, ಬೆಳಕು ಬೇಕು.

ಈ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಭಾಗ ಬೈಪಾಸ್. ಜಾಲದಲ್ಲಿ ಏನೋ ದೋಷವಾಗಿ ಯಂತ್ರ ಏಕಾಏಕಿ ನಿಂತರೆ ಟರ್ಬೈನಿನ ಬಾಗಿಲು ಕೆಲವೇ ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಮೇಲಿಂದ ಬರುವ ಮುನ್ನೂರು ಕ್ಯೂಸೆಕ್ ನೀರಿಗೆ ಅದು ಗೊತ್ತಿರುವುದಿಲ್ಲ. ನೀರು ತಾನಾಗಿಯೇ ಹಳೆಯ ಡ್ರಾಪಿನ ಮೇಲೆ ಹಾಯ್ದು ಕೆಳಗಿಳಿಯುವ ದಾರಿ ಇಲ್ಲದಿದ್ದರೆ ಮೇಲ್ಭಾಗದಲ್ಲಿ ಅಲೆ ಎದ್ದು ಕಾಲುವೆಯ ಏರಿ ಒಡೆಯುತ್ತದೆ, ಕೆಳಭಾಗದ ರೈತನ ಗದ್ದೆಗೆ ನೀರು ಬರುವುದು ನಿಲ್ಲುತ್ತದೆ. ಏರಿ ಒಡೆದರೆ ಆ ಹಂಗಾಮಿನ ಪೈರು ಹೋಯಿತು. ಘಟಕಕ್ಕೆ ಊರಿನ ಸದ್ಭಾವ ಎಂದೆಂದಿಗೂ ಹೋಯಿತು. ವಿದ್ಯುತ್ತಿಲ್ಲದೆಯೂ ತೆರೆದುಕೊಳ್ಳುವ ಗೇಟು, ಅಥವಾ ಕರೆಂಟೂ ಆಳೂ ಬೇಡದ, ಅಂಚು ಉದ್ದವಿರುವ ಮಡಿಕೆಗೋಡೆಯಂಥ ಕೋಡಿ ಇರಬೇಕು. ನನ್ನ ಒಲವು ಕೋಡಿಯ ಕಡೆಗೆ. ಹಳೆಯ ಘಟಕಗಳಲ್ಲಿ ಕೋಡಿಯ ಮೇಲೆ ಇನ್ನಷ್ಟು ಹೆಡ್ ಸಿಗಲಿ ಎಂದು ಹಲಗೆ ಜೋಡಿಸಿ ಎತ್ತರಿಸಿರುತ್ತಾರೆ. ಅಂಥ ಹಲಗೆ ಕಂಡರೆ ಮೊದಲು ಅದನ್ನು ಕಿತ್ತು ಹಾಕಿ, ಮೂಲ ನಕ್ಷೆಯ ಮಟ್ಟಕ್ಕೆ ತನ್ನಿ.

ಟರ್ಬೈನಿನ ಒಳಗೆ

ಒಳಗೆ ಇಳಿಯುವ ಮೊದಲು ಮೇಲಿನ ಗೇಟು ಮುಚ್ಚಿ, ಅದರ ಹಿಂದೆ ತಡೆಹಲಗೆಗಳನ್ನೂ ಇಳಿಸಿ, ಗೇಟಿನ ಮೋಟಾರಿಗೆ ಬೀಗ ಹಾಕಿ ಬೀಗದ ಕೈಯನ್ನು ಇಳಿಯುವವರೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ನೀರು ಹೊರಹೋಗುವ ಡ್ರಾಫ್ಟ್ ಟ್ಯೂಬಿನಲ್ಲಿ ವರ್ಷಗಟ್ಟಲೆ ಕೊಳೆತ ಹೂಳಿನಿಂದ ಕೆಟ್ಟ ಗಾಳಿ ತುಂಬಿರುತ್ತದೆ. ಅನಿಲ ಮಾಪಕದಲ್ಲಿ ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ತೋರಿಸಿದರೆ ಬ್ಲೋವರ್ ಹಾಕದೆ ಯಾರೂ ಇಳಿಯಬಾರದು. ಹಾವುಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ತಂಪು ಹುಡುಕುವುದು ಮನುಷ್ಯರು ಮಾತ್ರವೇ ಅಲ್ಲ.

ಇಷ್ಟು ಕಡಿಮೆ ಬೀಳಿಗೆ ಇರುವುದು ಬಹುಮಟ್ಟಿಗೆ ಕಪ್ಲಾನ್ ಜಾತಿಯ ಟರ್ಬೈನ್. ಹಡಗನ್ನು ನೀರಿನಲ್ಲಿ ತಳ್ಳುವ ಪಂಖದಂತೆ ನಾಲ್ಕೈದು ಅಲಗುಗಳಿರುವ, ನೀರಿಗೆ ತಿರುಗುವ ಭಾಗವೇ ರನ್ನರ್. ಅಲಗಿನ ಹಿಂಬದಿಯನ್ನು, ಅದರಲ್ಲೂ ಹೊರ ಅಂಚಿನ ಹತ್ತಿರದ ಭಾಗವನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಬೇಕು. ಒತ್ತಡ ಕುಸಿದಲ್ಲಿ ನೀರು ಆವಿಗುಳ್ಳೆಗಳಾಗಿ, ಮುಂದೆ ಒತ್ತಡ ಏರಿದಲ್ಲಿ ಅವು ಒಡೆದು ಲೋಹವನ್ನು ಕಿತ್ತಿರುತ್ತವೆ. ಬೆರಳಾಡಿಸಿದರೆ ಜೇನುಹಲ್ಲೆಯಂತೆ ಒರಟೊರಟಾಗಿ, ತೂತು ತೂತಾಗಿ ಸಿಗುತ್ತದೆ. ಹೂಳು ಉಜ್ಜಿದ ಸವೆತ ಹಾಗಿರುವುದಿಲ್ಲ. ಅದು ನಯವಾಗಿ, ನೀರು ಹರಿದ ದಿಕ್ಕಿಗೆ ಗೀರಿದಂತಿರುತ್ತದೆ. ಈ ಎರಡನ್ನೂ ಬೇರೆ ಮಾಡಿ ನೋಡುವುದು ಮುಖ್ಯ. ಮೊದಲನೆಯದಕ್ಕೆ ಕಾರಣ ಕೆಳಗಿನ ನೀರಿನ ಮಟ್ಟ ತೀರ ತಗ್ಗಿದ್ದುದೋ, ಯಂತ್ರವನ್ನು ಅದರ ಮಿತಿಗೆ ಹೊರತಾದ ಹೊರೆಯಲ್ಲಿ ನಡೆಸಿದ್ದುದೋ ಆಗಿರುತ್ತದೆ. ಅದನ್ನು ಸರಿಪಡಿಸದೆ ಲೋಹ ತುಂಬಿದರೆ ಎರಡು ಹಂಗಾಮಿನಲ್ಲಿ ಮತ್ತೆ ಅದೇ ಗತಿ.

ತೂತುಗಳನ್ನು ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಉಜ್ಜಿ ತೆಗೆದು, ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡಿಂಗ್ ಕಡ್ಡಿಯಿಂದ ಸಣ್ಣ ಸಣ್ಣ ಎಳೆಗಳಲ್ಲಿ ತುಂಬಬೇಕು. ಒಂದೇ ಕಡೆ ಹೆಚ್ಚು ಹೊತ್ತು ವೆಲ್ಡ್ ಮಾಡಿದರೆ ಅಲಗು ಸೆಡೆತು ಆಕಾರ ಕೆಡುತ್ತದೆ. ಕೆಡದೆ ಉಳಿದ ಅಲಗೊಂದರಿಂದ ತಗಡಿನ ಅಚ್ಚು ಕತ್ತರಿಸಿಕೊಂಡು, ಉಳಿದವನ್ನು ಆ ಅಚ್ಚಿಗೆ ಹೊಂದುವಂತೆ ಉಜ್ಜಬೇಕು. ಮುಗಿದ ಮೇಲೆ ಬಿರುಕು ತೋರಿಸುವ ಕೆಂಪು ದ್ರಾವಣ ಬಳಿದು ಪರೀಕ್ಷಿಸಿ, ರನ್ನರನ್ನು ಸಮತೋಲಕ್ಕೆ ಇಟ್ಟು ಭಾರ ಹೊಂದಿಸಬೇಕು. ಅಲಗಿನ ತುದಿಗೂ ಸುತ್ತಲಿನ ಬಳೆಗೂ ನಡುವಿನ ಸಂದು ರನ್ನರಿನ ವ್ಯಾಸದ ಸಾವಿರದಲ್ಲೊಂದು ಭಾಗದಷ್ಟು, ಅಂದರೆ 1.5 ಮೀಟರಿನ ರನ್ನರಿಗೆ ಸುಮಾರು ಒಂದೂವರೆ ಮಿಲಿಮೀಟರ್ ಇರಬೇಕು. ಅದು ನಾಲ್ಕೈದಾಗಿದ್ದರೆ ನೀರು ಕೆಲಸ ಮಾಡದೆ ಪಕ್ಕದಿಂದ ನುಸುಳುತ್ತದೆ. ಒಂದು ಕಡೆ ಶೂನ್ಯ, ಎದುರು ಕಡೆ ಮೂರು ಎಂದಿದ್ದರೆ ಶಾಫ್ಟು ನಡುವಿನಿಂದ ಸರಿದಿದೆ ಎಂದರ್ಥ.

ಬೇರಿಂಗಿನ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಹಳೆಯ ಯಂತ್ರಗಳಲ್ಲಿ ಶಾಫ್ಟು ಕೂರುವುದು ಬಿಳಿ ಲೋಹ ಎರಕ ಹೊಯ್ದ ಬಟ್ಟಲುಗಳಲ್ಲಿ. ಹೊಸದಾಗಿ ಎರಕ ಹೊಯ್ಯಿಸಿದ ಬಟ್ಟಲು ಬಂದಾಗ ಶಾಫ್ಟಿಗೆ ನೀಲಿ ಬಣ್ಣವನ್ನು ಉಸಿರಿನಷ್ಟು ತೆಳುವಾಗಿ ಬಳಿದು, ಬಟ್ಟಲನ್ನು ಅದರ ಮೇಲೆ ಕೂರಿಸಿ, ಸ್ವಲ್ಪವೇ ಹಿಂದೆ ಮುಂದೆ ತಿರುಗಿಸಿ ತೆಗೆದರೆ, ಲೋಹ ತಾಗಿದ ಕಡೆಗಳಲ್ಲೆಲ್ಲ ನೀಲಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆಗಳನ್ನಷ್ಟೇ ಉಳಿಯಂಥ ಸ್ಕ್ರೇಪರಿನಿಂದ ಕೆರೆದು ಮತ್ತೆ ಕೂರಿಸಿ ನೋಡಬೇಕು. ಮೊದಲ ಸಲ ನಾಲ್ಕೈದು ದೊಡ್ಡ ಕಲೆಗಳು ಕಾಣಿಸುತ್ತವೆ; ಹತ್ತಾರು ಸಲ ಮಾಡಿದ ಮೇಲೆ ಚುಕ್ಕೆಗಳು ಜೋಳದ ಕಾಳು ಚೆಲ್ಲಿದಂತೆ ಕೆಳಭಾಗದ ಉದ್ದಗಲಕ್ಕೂ ಸಮನಾಗಿ ಹರಡುತ್ತವೆ. ಬಲ್ಲ ಫಿಟ್ಟರ್ ಒಬ್ಬರಿಗೆ ಇದು ಎರಡು ದಿನದ ಕೆಲಸ. ಅರ್ಧ ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದವರ ಬಟ್ಟಲು ಮೊದಲ ಹಂಗಾಮಿನಲ್ಲೇ ಕರಗುತ್ತದೆ.

ಕಾಲುವೆಯ ನೀರನ್ನು ಕೆಳಗಿನ ಊರುಗಳು ಕುಡಿಯಲು ಬಳಸುತ್ತವೆ ಎಂಬುದು ನೆನಪಿರಲಿ. ರನ್ನರಿನ ಅಲಗುಗಳು ಕೂಡುವ ನಡುಗುಂಬದೊಳಗೆ ಎಣ್ಣೆ ತುಂಬಿದ ಹಳೆಯ ಯಂತ್ರವಾದರೆ ಅದರ ಸೀಲುಗಳನ್ನು ಕಡ್ಡಾಯವಾಗಿ ಬದಲಿಸಬೇಕು. ನೀರಿನ ಬಾಗಿಲುಗಳ ಗ್ರೀಸ್ ಹಾಕುವ ಬುಷ್‌ಗಳ ಜಾಗದಲ್ಲಿ ಗ್ರೀಸ್ ಬೇಡದ ಬುಷ್‌ಗಳು ಸಿಗುತ್ತವೆ. ಬಿಚ್ಚಿದಾಗಲೇ ಹಾಕಿಸಿಬಿಡುವುದು ಮೇಲು.

ಜನರೇಟರ್ ಮತ್ತು ಫಲಕಗಳು

ಜನರೇಟರ್ ನೋಡಲು ಭಯಂಕರವಾಗಿ ಕಂಡರೂ ಹಲವು ಸಲ ಬೇಕಾಗುವುದು ಶುಚಿ ಮಾಡಿ ಒಣಗಿಸುವುದಷ್ಟೇ. ಇಲಿಗೂಡು, ಧೂಳು ತೆಗೆದು, 415 ವೋಲ್ಟಿನ ವೈಂಡಿಂಗಿಗೆ ನಿರೋಧನ ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿ ನೋಡಿ. ಮುಳ್ಳು ಒಂದು ಮೆಗಾಓಮಿನ ಕೆಳಗೇ ತೂಗಾಡಿದರೆ ವೈಂಡಿಂಗ್ ಸುಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ, ತೇವವಿರಬಹುದು. ಟಾರ್ಪಾಲು ಹೊದಿಸಿ, ಒಳಗೆ ಹೀಟರುಗಳನ್ನೋ ದೊಡ್ಡ ಬಲ್ಬುಗಳನ್ನೋ ಇಟ್ಟು, ಮೇಲೆ ಆವಿ ಹೋಗಲು ಸಂದು ಬಿಟ್ಟು, ನಿಧಾನವಾಗಿ ಕಾಯಿಸಿ, ವೈಂಡಿಂಗಿನ ಉಷ್ಣತೆ 80 ಡಿಗ್ರಿ ಮೀರದಂತೆ ಕಾಯಬೇಕು. ಗಂಟೆಗೊಮ್ಮೆ ಮೆಗ್ಗರ್ ಓದಿ ಬರೆಯುತ್ತ ಹೋದರೆ ಅಂಕಿ ಮೊದಲು ಇಳಿಯುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಹೀಟರ್ ಆರಿಸುತ್ತಾರೆ. ಒಳಗಿನ ತೇವ ಹೊರಗೆ ಬರುತ್ತಿರುವ ಗುರುತು ಅದು. ಇನ್ನೂ ಕಾಯಿಸುತ್ತ ಹೋದರೆ ಅಂಕಿ ತಳ ಮುಟ್ಟಿ, ಮೆಲ್ಲಗೆ ಏರಿ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಹತ್ತು ನಿಮಿಷದ ಓದನ್ನು ಒಂದು ನಿಮಿಷದ ಓದಿನಿಂದ ಭಾಗಿಸಿ. ಎರಡು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೊಸದಾಗಿ ಸುತ್ತಿಸುವ ಖರ್ಚು ಉಳಿಯಿತು.

ಯಂತ್ರ ಸಿಂಕ್ರೊನಸ್ ಜಾತಿಯದೋ ಇಂಡಕ್ಷನ್ ಜಾತಿಯದೋ ಎಂದು ಫಲಕದಲ್ಲಿ ನೋಡಿ. ಎಂಟು ಧ್ರುವದ ಸಿಂಕ್ರೊನಸ್ ಯಂತ್ರ 50 ಹರ್ಟ್ಸ್‌ಗೆ ಸರಿಯಾಗಿ ನಿಮಿಷಕ್ಕೆ 750 ಸುತ್ತು ತಿರುಗುತ್ತದೆ. ಇಂಡಕ್ಷನ್ ಯಂತ್ರ ಅದಕ್ಕಿಂತ ತುಸು ಹೆಚ್ಚು ತಿರುಗಿದಾಗ ವಿದ್ಯುತ್ ಕೊಡುತ್ತದೆ. ರಚನೆ ಸರಳ, ಆದರೆ ತನ್ನ ಕಾಂತಕ್ಷೇತ್ರಕ್ಕೆ ಬೇಕಾದ ರಿಯಾಕ್ಟಿವ್ ಶಕ್ತಿಯನ್ನು ಜಾಲದಿಂದ ಎಳೆಯುವುದರಿಂದ ಕೆಪಾಸಿಟರ್ ಬೇಕು.

ನಿಯಂತ್ರಣ ಫಲಕಗಳ ವಿಷಯದಲ್ಲಿ ನಾನು ಮಮಕಾರ ಇಟ್ಟುಕೊಂಡಿಲ್ಲ. ದೋಷ ಕಂಡಾಗ ಯಂತ್ರ ನಿಲ್ಲಿಸುವ ಹಳೆಯ ರಿಲೇ, ವೇಗವನ್ನು ಹಿಡಿತದಲ್ಲಿಡುವ ಗವರ್ನರ್, ಕೇಬಲ್ ಎಲ್ಲವನ್ನೂ ತೆಗೆದು ಹೊಸದು ಹಾಕಿಸಿ. ಎರಕದ ಕವಚ, ಶಾಫ್ಟು, ಕಾಂಕ್ರೀಟಿನಲ್ಲಿ ಹೂತ ಭಾಗಗಳು ಉಳಿಯಲಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಪರೀಕ್ಷೆಗೆ ಕಳಿಸಿ, ಅದು 30 ಕೆವಿ ತಡೆಯದಿದ್ದರೆ ಸೋಸಿಸಬೇಕು. ತೀರ ಹಳೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವ ಸಂಭವವಿದೆ. ಪರೀಕ್ಷೆ ಮಾಡಿಸದೆ ಆ ಎಣ್ಣೆಯನ್ನು ಮುಟ್ಟುವುದಾಗಲಿ ಗುಜರಿಗೆ ಕೊಡುವುದಾಗಲಿ ಕೂಡದು.

ನೀರು ಬಿಟ್ಟ ದಿನ

ಮೊದಲ ಚಾಲನೆಯನ್ನು ಉದ್ಘಾಟನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಪೆಂಡಾಲು ಹಾಕಿ ಜನ ಕೂಡಿಸಿದ ಮೇಲೆ ಯಂತ್ರ ನಿಲ್ಲಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಟರ್ಬೈನಿನೊಳಕ್ಕೆ ನೀರು ನಿಧಾನವಾಗಿ ತುಂಬಿಸಿ, ಸೋರಿಕೆ ನೋಡಿ, ಬಾಗಿಲನ್ನು ಶಾಫ್ಟು ತಿರುಗಲು ಬೇಕಾದಷ್ಟೇ ತೆರೆಯಿರಿ. ಕೆಲ ನಿಮಿಷ ತಿರುಗಿಸಿ ಮುಚ್ಚಿ, ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಬೇರಿಂಗಿಗೂ ಆನಿಸಿದ ಕಬ್ಬಿಣದ ಸರಳಿನಿಂದ ಸದ್ದು ಕೇಳಿ. ಆಮೇಲೆ ಪೂರ್ಣ ವೇಗಕ್ಕೆ ತಂದು, ಬೇರಿಂಗಿನ ಉಷ್ಣತೆ ಒಂದು ಕಡೆ ನಿಲ್ಲುವವರೆಗೆ ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತ ಹೋಗಿ. 70 ಡಿಗ್ರಿಗೆ ಗಂಟೆ ಬಾರಿಸುವಂತೆ, 80ಕ್ಕೆ ಯಂತ್ರ ನಿಲ್ಲುವಂತೆ ಹೊಂದಿಸುವುದು ವಾಡಿಕೆ.

ಜಾಲಕ್ಕೆ ಸೇರಿಸುವಾಗ ವೋಲ್ಟೇಜ್, ಆವರ್ತನ, ಫೇಸುಗಳ ಸರದಿ, ಅಲೆಗಳ ಹೊಂದಿಕೆ ನಾಲ್ಕೂ ಕೂಡಿಬರಬೇಕು. ಹೊಸ ಫಲಕ ಇದನ್ನು ತಾನೇ ಮಾಡುತ್ತದೆಯಾದರೂ, ಮೊದಲ ಸಲ ಮೂರು ಬಲ್ಬುಗಳನ್ನು, ಯಂತ್ರವನ್ನು ಜಾಲಕ್ಕೆ ಕೂಡಿಸುವ ಸ್ವಿಚ್ಚಾದ ಬ್ರೇಕರಿನ ಎರಡು ಬದಿಗೆ ಸೂಕ್ತ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿ ತಾಳೆ ನೋಡುವುದು ಒಳ್ಳೆಯದು. ಮೂರೂ ಒಟ್ಟಿಗೆ ಬೆಳಗಿ ಒಟ್ಟಿಗೆ ಆರುತ್ತಿದ್ದರೆ ಸರದಿ ಸರಿಯಿದೆ. ಒಂದಾದ ಮೇಲೊಂದು ಬೆಳಗಿದರೆ ಎರಡು ತಂತಿ ಅದಲುಬದಲಾಗಿವೆ, ಬ್ರೇಕರ್ ಹಾಕಬಾರದು.

ಕೊನೆಯ ಪರೀಕ್ಷೆ ಹೊರೆ ಕಡಿಯುವುದು. ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಹೊರೆಯಲ್ಲಿ ಯಂತ್ರ ನಡೆಯುತ್ತಿರುವಾಗ ಬ್ರೇಕರ್ ತೆಗೆದು, ವೇಗ ಎಷ್ಟು ಏರುತ್ತದೆ, ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎಂದು ನೋಡಬೇಕು. ಎಲ್ಲರೂ ವೇಗದ ಮಾಪಕದ ಮುಂದೆ ಗುಂಪುಕೂಡುತ್ತಾರೆ. ಇಬ್ಬರನ್ನಾದರೂ ಹೊರಗೆ ಕಳಿಸಿ: ಒಬ್ಬರು ಮೇಲಿನ ಕಾಲುವೆಯ ಅಳತೆಪಟ್ಟಿಯ ಬಳಿ, ಇನ್ನೊಬ್ಬರು ಕೆಳಗಿನದರ ಬಳಿ. ಮೇಲೆ ನೀರು ಏರಿಯ ಅಂಚಿನಿಂದ ಎಷ್ಟು ಕೆಳಗೆ ನಿಂತಿತು, ಕೆಳಗೆ ಎಷ್ಟು ಇಳಿಯಿತು, ಎಷ್ಟು ನಿಮಿಷದಲ್ಲಿ ಸರಿಹೋಯಿತು ಎಂಬ ಲೆಕ್ಕವನ್ನು ನಿಗಮದ ಎಂಜಿನಿಯರಿಗೂ ಆ ಭಾಗದ ಗ್ಯಾಂಗ್‌ಮನ್‌ಗೂ ತಿಳಿಸಿ ಸಹಿ ಹಾಕಿಸಿಕೊಳ್ಳಿ. ಕೆಳಗಿನ ಮಟ್ಟ ಹೆಚ್ಚು ಹೊತ್ತು ಇಳಿದೇ ಇದ್ದರೆ ಕೋಡಿಯ ಕೆಲಸ ಇನ್ನೂ ಬಾಕಿಯಿದೆ, ಘಟಕವನ್ನು ಪೂರ್ತಿ ಹೊರೆಗೆ ಒಯ್ಯಬಾರದು.

ಹಂಗಾಮು ಮುಗಿದು ಕಾಲುವೆ ನಿಂತ ಮೇಲೆ ಟರ್ಬೈನಿನ ನೀರು ಪೂರ್ತಿ ಬಸಿದು, ಹೂಳು ತೆಗೆದು, ಶಾಫ್ಟಿನ ಬರಿ ಲೋಹಕ್ಕೆ ಗ್ರೀಸ್ ಬಳಿದು, ಜನರೇಟರಿನೊಳಗಿನ ಹೀಟರನ್ನು ಮುಂದಿನ ಹಂಗಾಮಿನವರೆಗೂ ಉರಿಯಲು ಬಿಡಬೇಕು. ವಾರಕ್ಕೊಮ್ಮೆ ಬೇರಿಂಗಿಗೆ ಎಣ್ಣೆ ಹಾಯಿಸಿ ಶಾಫ್ಟನ್ನು ಕೈಯಿಂದ ಒಂದು ಸುತ್ತು ಮತ್ತು ಕಾಲು ತಿರುಗಿಸಿ ನಿಲ್ಲಿಸಬೇಕು. ಬರೀ ಒಂದು ಸುತ್ತು ತಿರುಗಿಸಿದರೆ ಅದು ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಕಾಲು ಸುತ್ತು ಹೆಚ್ಚಿಗೆ ಹಾಕಿದರೆ ಪ್ರತಿ ವಾರ ಬೇರೆ ಬದಿಯ ಮೇಲೆ ಭಾರ ಬೀಳುತ್ತದೆ. ಶಾಫ್ಟಿನ ತುದಿಗೆ ಸುಣ್ಣದಿಂದ ನಾಲ್ಕು ಗೀಟು ಎಳೆದು ಅಂಕಿ ಬರೆದಿಟ್ಟರೆ ಈ ವಾರ ಯಾವ ಗೀಟು ಮೇಲಿದೆ ಎಂದು ಕಾವಲುಗಾರರು ಪುಸ್ತಕದಲ್ಲಿ ಬರೆಯುತ್ತ ಹೋಗಬಹುದು.